ಮಂಗಳವಾರದ ಸೇಡು

ಈ ಸಲ ಅವಳು ಬಂದು ಕೇಳಿದಾಗ ಏನು ಹೇಳುವುದು? ಎಂದಿನ ಹಾಗೆ ‘ಇರಲಿ’ ಅಂದುಬಿಟ್ಟರೆ ಅವಳು ಊರು ಬಿಡುವ ಹಾಗಿಲ್ಲ. ಹೊರಟು ನಿಂತವರ ದಾರಿಗೆ ಅಡ್ಡ ಕೂತ ಹಾಗಾಗುತ್ತದೆ. ‘ತೀರಿಸ್ಕೋತೀನಿ’ ಅನ್ನೋಣವೆಂದರೆ, ತೀರಿಸಿಕೊಂಡ ಮೇಲೆ ಬರುವ ಮಂಗಳವಾರ ಸಂಜೆ ಏನು ಮಾಡುವುದು? ಬಜ್ಜಿ ಯಾರಿಗೆ ಕರಿಯುವುದು? ಇಲ್ಲವೇ ಇವತ್ತು ಅಂಗಡಿ ಬಾಗಿಲು ಹಾಕಿ, ಹೊಟ್ಟೆನೋವು ಅಂತ ಮುಸುಕೆಳೆದು ಮಲಗಿಬಿಟ್ಟರೆ? ಆದರೆ ಹೊಟ್ಟೆನೋವು ಎಷ್ಟು ವಾರ ಇದ್ದೀತು?

ನನ್ನ ಸೋದರಮಾವ ವೀರಭದ್ರಯ್ಯ ಹೀಗೆ ಯೋಚಿಸುತ್ತ ಯಾರದೋ ಷರಟಿನ ಎಡತೋಳಿನ ಜಾಗಕ್ಕೆ ಬಲತೋಳು ಕೂರಿಸಿ ಹೊಲಿದುಬಿಟ್ಟಿದ್ದರು. ಅವರು ದರ್ಜಿ. ಓದು ಮುಗಿಸಿ, ಕೆಲಸ ಸಿಗುವವರೆಗೆ ಅಂತ ಅವರ ಮನೆಗೆ ಬಂದಿದ್ದ ನಾನು ಎದುರಿಗೆ ಕೂತು ಗುಂಡಿ ಹಾಕುತ್ತಿದ್ದೆ. ಅಂಗಡಿಯಲ್ಲಿ ನಾವಿಬ್ಬರೇ ಇದ್ದಾಗ ಮಾವ ತಮ್ಮೊಳಗೆ ನಡೆಯುವುದನ್ನೆಲ್ಲ ಗೊಣಗಿಕೊಳ್ಳುತ್ತಿದ್ದರು. ನಾನು ಮಾತು ಕಡಿಮೆಯವನಾದ್ದರಿಂದ ನನ್ನನ್ನು ಅವರು ಒಬ್ಬ ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

“ಮಾವ, ತೋಳು ಅದಲುಬದಲಾಗಿದೆ” ಅಂದೆ.

ಮಾವ ಷರಟನ್ನು ಎತ್ತಿ ಹಿಡಿದು ನೋಡಿದರು. “ಆಗ್ಲಿ ಬಿಡೋ. ಹಾಕ್ಕೊಳ್ಳೋನು ಹಿಂದುಹಿಂದಾಗಿ ನಡೀಲಿ” ಅಂದು, ಮತ್ತೆ ಬಿಚ್ಚುವುದಕ್ಕೆ ಕೂತರು.

ನಮ್ಮೂರಿನಲ್ಲಿ ಮಂಗಳವಾರ ಸಂಜೆ ಸೇಡಿನವರು ಬರುವ ಹೊತ್ತು. ಕೆಟ್ಟದ್ದು ಮಾಡಿದವರು ಮುಖ ತೊಳೆದು, ಒಳ್ಳೆಯ ಬಟ್ಟೆ ಹಾಕಿಕೊಂಡು, ಅದನ್ನು ಅನುಭವಿಸಿದವರ ಮನೆಗೆ ಹೋಗಿ ಜಗಲಿಯ ಮೇಲೆ ಕೂತು, “ಸೇಡಿದೆಯಲ್ಲ, ತೀರಿಸ್ಕೊಳ್ತೀರಾ?” ಅಂತ ಕೇಳಬೇಕು. ಮನೆಯವರು ‘ತೀರಿಸ್ಕೋತೀನಿ’ ಅನ್ನಬಹುದು. ‘ಇರಲಿ’ ಅಂತಲೂ ಅನ್ನಬಹುದು. ‘ಇರಲಿ’ ಅಂದರೆ ಮುಂದಿನ ಮಂಗಳವಾರ ಮತ್ತೆ ಬರಬೇಕು. ತೀರುವವರೆಗೆ ಇಬ್ಬರಲ್ಲಿ ಯಾರೂ ಊರು ಬಿಟ್ಟು ಬೇರೆ ಕಡೆ ನೆಲೆಸುವ ಹಾಗಿಲ್ಲ. ಹಾಗೆ ಬಂದವರನ್ನು ಬರಿಬಾಯಲ್ಲಿ ಕಳಿಸಬಾರದು. ಹಿಂದೆ ಒಂದು ಲೋಟ ನೀರು ಕೊಡುತ್ತಿದ್ದರಂತೆ. ಆಮೇಲೆ ನೀರಿನ ಜೊತೆ ಬೆಲ್ಲ ಬಂತು, ಬೆಲ್ಲ ಹೋಗಿ ಕಾಫಿ ಬಂತು, ಕಾಫಿಯ ಹಿಂದೆ ನಿಪ್ಪಟ್ಟು, ಕೋಡುಬಳೆ, ಬಜ್ಜಿ ಎಲ್ಲ ಬಂದವು. ನನ್ನ ಕಾಲಕ್ಕೆ ಮಂಗಳವಾರ ಮಧ್ಯಾಹ್ನದಿಂದಲೇ ಊರಿಡೀ ಎಣ್ಣೆ ಕಾದ ವಾಸನೆ.

ಹಾಗಾಗಿ ಸೇಡು ಅನ್ನುವ ಮಾತು ನಮ್ಮಲ್ಲಿ ಬೇರೆಯೇ ರೀತಿಯಲ್ಲಿ ಪಳಗಿಬಿಟ್ಟಿದೆ. “ಅವರೇನು ಹೊರಗಿನೋರಾ, ನಮ್ಮ ಸೇಡಿನೋರು” ಅನ್ನುತ್ತೇವೆ. ಮದುವೆಯ ಕರೆ ಮೊದಲು ಮನೆದೇವರಿಗೆ, ಆಮೇಲೆ ಸೇಡಿನವರಿಗೆ, ಬೀಗರು ನಂತರ. ಯಾರದಾದರೂ ಜಗಲಿಗೆ ಯಾರೂ ಬಾರದಿದ್ದರೆ, “ಪಾಪ, ಒಂದು ಸೇಡೂ ಇಲ್ದೆ ಮನೆ ಬಿಕೋ ಅಂತಿದೆ” ಅಂತ ಹೆಂಗಸರು ಮರುಗುತ್ತಾರೆ. ನಾನು ಓದುವುದಕ್ಕೆ ಹೊರಗಿನ ಊರಿಗೆ ಹೋದಾಗ ಹಾಸ್ಟೆಲಿನಲ್ಲಿ ಜೊತೆಗಿದ್ದವನಿಗೆ, “ಈ ಹಬ್ಬಕ್ಕೆ ಊರಿಗೆ ಹೋಗ್ಲೇಬೇಕು, ಸೇಡಿನೋರು ಕಾಯ್ತಿರ್ತಾರೆ” ಅಂದೆ. ಅವನು ಮಾರನೆಯ ದಿನವೇ ಬೇರೆ ಕೋಣೆಗೆ ಹೋದ. ಆಮೇಲೆ ನಿಘಂಟು ತೆಗೆದು ನೋಡಿದೆ. ಹಗೆ, ದ್ವೇಷ, ಪ್ರತೀಕಾರ ಅಂತ ಬರೆದಿತ್ತು. ಕಾಫಿಯ ಸುದ್ದಿಯೇ ಇರಲಿಲ್ಲ.

ತೀರಿಸಿಕೊಳ್ಳುವುದಾದರೆ ಆದದ್ದಕ್ಕೆ ಸರಿಸಮನಾಗಿ ತೀರಿಸಿಕೊಳ್ಳಬೇಕು. ಕೊಡ ಒಡೆದಿದ್ದರೆ ಕೊಡ, ಬೇಲಿ ಕಿತ್ತಿದ್ದರೆ ಬೇಲಿ, ಬೈದಿದ್ದರೆ ಅಷ್ಟೇ ಉದ್ದದ ಬೈಗುಳ. ಆದಮೇಲೆ ಎದುರಿನವರು ‘ಸರಿಹೋಯ್ತು’ ಅಂದು ಕೈಮುಗಿದರೆ ಮುಗಿಯಿತು. ಅಲ್ಲಿಂದಾಚೆಗೆ ಆ ಮನೆಗೂ ಈ ಮನೆಗೂ ಹೋಗಿಬರುವ ಕಾರಣವಿಲ್ಲ. ‘ಹೆಚ್ಚಾಯ್ತು’ ಅಂದರೆ ಮಾತ್ರ ಹೆಚ್ಚಾದಷ್ಟು ಅವರ ಸೇಡಾಗಿ ನಿಲ್ಲುತ್ತದೆ. ಅವತ್ತಿನಿಂದ ಬರುತ್ತಿದ್ದವರು ಮನೆಯಲ್ಲಿ ಕೂರುತ್ತಾರೆ, ಕೂತಿದ್ದವರು ಹೊರಡುತ್ತಾರೆ.

ಎಲ್ಲರೂ ಸುಮ್ಮನೆ ‘ಹೆಚ್ಚಾಯ್ತು’ ಅನ್ನಬಹುದಲ್ಲ ಅಂದರೆ, ಹಾಗಾಗುವುದಿಲ್ಲ. ಸೇಡಿನ ಮಾತಿನಲ್ಲಿ ಸುಳ್ಳಾಡಿದರೆ ಬೆಳಗಾಗುವಷ್ಟರಲ್ಲಿ ನಾಲಿಗೆಯ ಮೇಲೆ ಗುಳ್ಳೆ ಏಳುತ್ತದೆ, ಒಂದು ಇಡೀ ದಿನ ಉರಿಯುತ್ತದೆ. ಮಿಕ್ಕ ವಿಷಯಗಳಲ್ಲಿ ನಮ್ಮೂರಿನವರು ಧಾರಾಳವಾಗಿ ಸುಳ್ಳಾಡುತ್ತಾರೆ, ಏನೂ ಏಳುವುದಿಲ್ಲ. ಬುಧವಾರ ಬೆಳಿಗ್ಗೆ ತಿಪ್ಪಣ್ಣನ ಹೋಟೆಲಿನಲ್ಲಿ ಯಾರಾದರೂ “ಚಟ್ನಿ ಬೇಡ, ಬರೀ ಇಡ್ಲಿ ಸಾಕು” ಅಂದರೆ ಅಕ್ಕಪಕ್ಕದವರು ತಿನ್ನುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಾರೆ. ತಿಪ್ಪಣ್ಣನಂತೂ ಒಲೆಯ ಹತ್ತಿರದಿಂದಲೇ ಕೂಗುತ್ತಾನೆ: “ಯಾಕಣ್ಣ, ನಿನ್ನೆ ಜಗಲಿ ಮೇಲೆ ಏನಂದೆ?”

ಮಾವ ಬುಧವಾರ ಹೋಟೆಲಿಗೆ ಹೋಗುತ್ತಿರಲಿಲ್ಲ. ಬುಧವಾರ ಅವರದು ವ್ರತ. ಉಪ್ಪು ಖಾರ ಮುಟ್ಟದೆ, ಮನೆಯಲ್ಲೇ ತಣ್ಣಗಿನ ಮೊಸರನ್ನ ಉಣ್ಣುತ್ತಿದ್ದರು. ಯಾವ ದೇವರ ವ್ರತವೆಂದು ಯಾರೂ ಕೇಳಲಿಲ್ಲ. ಇಷ್ಟು ವರ್ಷ ಒಂದು ವಾರವೂ ತಪ್ಪಿಸಿಲ್ಲವಲ್ಲ ಅಂತ ಊರಿನವರಿಗೆ ಗೌರವ.

ಇನ್ನು ಮಾವನ ಸೇಡಿನ ವಿಷಯ. ಅವರು ಹರೆಯದಲ್ಲಿ ನಾಟಕದ ಹುಚ್ಚಿನವರು. ಎತ್ತರದ ಆಳು, ಕಂಚಿನ ಕಂಠ. ಊರಿನ ನಾಟಕದಲ್ಲಿ ರಾಜನ ಪಾರ್ಟು ಅವರಿಗೇ ಮೀಸಲು. ಒಂದು ವರ್ಷ ಶಾಲೆಯ ವಾರ್ಷಿಕೋತ್ಸವದ ಸಂಜೆ ಶಾಲೆಯ ಹಾಲ್‌ನಲ್ಲಿ ನಾಟಕ. ಶತ್ರುವಿನಿಂದ ಅವಮಾನಪಟ್ಟ ರಾಜ ತುಂಬಿದ ಸಭೆಯಲ್ಲಿ ಎದ್ದುನಿಂತು, “ಈ ಮೀಸೆಯ ಮೇಲಾಣೆ! ಈ ಸೇಡನ್ನು ತೀರಿಸಿಕೊಳ್ಳದೆ ಸಿಂಹಾಸನದ ಮೇಲೆ ಕೂರೆನು!” ಅನ್ನಬೇಕು. ಮಾವ ಅಂದರು. ಅಂದು ಮೀಸೆ ತಿರುವಿದರು. ಮೀಸೆ ಕೈಗೆ ಬಂತು. ಗಾಬರಿಯಲ್ಲಿ ಅದನ್ನು ಪಕ್ಕದಲ್ಲಿದ್ದ ಮಂತ್ರಿಯ ಕೈಗೆ ಕೊಟ್ಟರು. ಮಂತ್ರಿಯ ಪಾರ್ಟಿನಲ್ಲಿದ್ದವನು ಇದೇ ತಿಪ್ಪಣ್ಣ. ಅವನು ತಲೆಬಾಗಿ, ಎರಡೂ ಕೈಯಲ್ಲಿ ಸ್ವೀಕರಿಸಿದ.

ಹೆಂಗಸರ ಸಾಲಿನಿಂದ ಒಂದು ನಗು ಎದ್ದಿತು. ಶಾಲೆಗೆ ಆಗಷ್ಟೇ ಹಾಡಿನ ಟೀಚರ್ ಆಗಿ ಸೇರಿದ್ದ ದಾಕ್ಷಾಯಣಿಯ ನಗು. ಮಿಕ್ಕವರು ಅಲ್ಲಿಯವರೆಗೆ ತಡೆದುಕೊಂಡಿದ್ದರಂತೆ. ಅವಳು ಶುರುಮಾಡಿದ ಮೇಲೆ ಇಡೀ ಹಾಲ್ ಹೊರಳಾಡಿ ನಕ್ಕಿತು. ರಾಜ ಸಭೆಗೆ ಬೆನ್ನು ತಿರುಗಿಸಿದ. ಅವನ ಹೆಗಲು ಕುಲುಕುತ್ತಿದ್ದವು. ಅಯ್ಯೋ, ಅಳುತ್ತಿದ್ದಾನೆ ಅಂದುಕೊಂಡರು ಜನ. ಹಾಗೇ ಪರದೆಯ ಹಿಂದೆ ಹೋದ ಮಾವ ಮತ್ತೆ ಈಚೆಗೆ ಬರಲಿಲ್ಲ. ನಾಟಕ ಅಲ್ಲಿಗೇ ನಿಂತಿತು. ಗಂಡಸನ್ನು ತುಂಬಿದ ಸಭೆಯಲ್ಲಿ ಅಳಿಸಿದ ಮೇಲೆ ಅದು ಸೇಡಲ್ಲದೆ ಇನ್ನೇನು? ಮಾವ ದೂರಲಿಲ್ಲ, ಬಾಯಿ ಬಿಡಲಿಲ್ಲ. ಊರೇ ತೀರ್ಮಾನ ಮಾಡಿತು.

ಬಂದ ಮಂಗಳವಾರ ದಾಕ್ಷಾಯಣಿ ತಂದೆಯ ಜೊತೆ ಬಂದು ಜಗಲಿಯ ತುದಿಯಲ್ಲಿ ಕೂತು, ತಲೆತಗ್ಗಿಸಿ ಕೇಳಿದಳು. ಮಾವ ಬಾಗಿಲಲ್ಲಿ ನಿಂತು ಅವಳನ್ನು ಒಂದು ಗಳಿಗೆ ನೋಡಿ, “ಇರಲಿ” ಅಂದರು. ಅಂದಿನಿಂದ ಅದೇ ಮಾತು. ಸೇಡಿರುವವನು ಅವಮಾನವಾದ ಕೆಲಸಕ್ಕೆ ಮತ್ತೆ ಕೈಹಾಕಿದರೆ ಸೇಡು ಬಿದ್ದುಹೋಗುತ್ತದೆ ಅನ್ನುವುದು ನಮ್ಮಲ್ಲಿನ ರೂಢಿ. ಮಾವ ಮತ್ತೆ ರಂಗ ಹತ್ತಲಿಲ್ಲ. ಯಾರು ಬಂದು ಕರೆದರೂ ತಲೆಯಾಡಿಸಿಬಿಟ್ಟರು. ಬೇರೆಯವರ ರಾಜನಿಗೆ ನಿಲುವಂಗಿ ಹೊಲಿದುಕೊಟ್ಟು ಸುಮ್ಮನಾದರು. ಅಬ್ಬಾ, ಎಂಥ ಹಟ ಅಂತ ಊರು ಬೆರಗಾಯಿತು. ಮಾತು ಮರೆಯುವ ಮಕ್ಕಳಿಗೆ ತಾಯಂದಿರು, “ಸೇಡು ಅಂದ್ರೆ ವೀರಭದ್ರಯ್ಯಂದು ಕಣೋ. ಅವರನ್ನ ನೋಡಿ ಕಲಿ” ಅನ್ನುತ್ತಿದ್ದರು. ಇರುವೆ ಕಂಡರೆ ಹೊಲಿಗೆ ಯಂತ್ರ ನಿಲ್ಲಿಸಿ ದಾರಿ ಬಿಡುವ ನನ್ನ ಮಾವ ಊರಿನ ಮಹಾ ಕ್ರೂರಿಯಾದದ್ದು ಹೀಗೆ.

ದಾಕ್ಷಾಯಣಿಗೆ ಹೊರಗಿನ ಊರುಗಳಿಂದ ಗಂಡು ಬಂದವು. ಮಂಗಳವಾರದ ಮಾತು ಬಂದಾಗ ಎದ್ದುಹೋದವು. ಊರೊಳಗಿನ ಗಂಡುಗಳಿಗೆ ಅವಳ ನಗುವಿನ ಭಯ. ಸೇಡಿರುವ ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತರುವ ಹಾಗಿಲ್ಲವಾದ್ದರಿಂದ ಮಾವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಬರುವುದಾಗಿದ್ದರೆ ಮೊದಲು ಸೇಡು ತೀರಬೇಕಿತ್ತು. ತೀರಿದ ಮೇಲೆ ಅವಳು ಒಲ್ಲೆ ಅಂದರೆ ಮಂಗಳವಾರವೂ ಹೋಯಿತು. ಮಾವ ಈ ಲೆಕ್ಕದಲ್ಲೇ ಕೂದಲು ನರೆಸಿಕೊಂಡರು. ಅವಳು ದಾಕ್ಷಾಯಣಿ ಟೀಚರ್ ಆದಳು, ಆಮೇಲೆ ದಾಕ್ಷಾಯಣಮ್ಮ ಆದಳು. ಜಗಲಿಯ ತುದಿಯಿಂದ ನಡುವಿಗೆ ಬಂದು, ಗೋಡೆಗೆ ಒರಗಿ, ಕಾಲು ಚಾಚಿ ಕೂರುವಷ್ಟು ಹಳಬಳಾದಳು.

ಷರಟಿನ ತೋಳು ಅದಲುಬದಲಾದ ಆ ಮಂಗಳವಾರ ಬೆಳಿಗ್ಗೆಯೇ ತಿಪ್ಪಣ್ಣ ಸುದ್ದಿ ತಂದಿದ್ದ. ಟೀಚರ್ ನಿವೃತ್ತರಾದರು, ದೂರದ ಊರಿನಲ್ಲಿರುವ ತಂಗಿ ತನ್ನ ಜೊತೆಯಲ್ಲೇ ಇರು ಅಂತ ಕರೆಯುತ್ತಿದ್ದಾಳೆ, ಹೊರಡುವ ಮನಸ್ಸಿದೆ, ಭಾನುವಾರ ಶಾಲೆಯಲ್ಲಿ ಬೀಳ್ಕೊಡುಗೆ. “ಇನ್ನು ನಿನ್ನ ಕೈಲಿದೆ ಭದ್ರಣ್ಣ” ಅಂದು ಹೋಗಿದ್ದ.

ಸಂಜೆ ಟೀಚರ್ ಬಂದರು. ಕೊಡೆ ಗೋಡೆಗೆ ಒರಗಿಸಿ, ತಮ್ಮ ಜಾಗದಲ್ಲಿ ಕೂತು, ಮಕ್ಕಳಿಗೆ ಪಾಠ ಹೇಳಿಕೊಡುವ ರಾಗದಲ್ಲಿ, “ಸೇಡಿದೆಯಲ್ಲ ಭದ್ರಯ್ಯನೋರೇ, ತೀರಿಸ್ಕೊಳ್ತೀರಾ?” ಅಂದರು. ಮಾವ ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದರು. “ತಡೀರಿ. ‘ಇರಲಿ’ ಅನ್ನೋಕೆ ಮುಂಚೆ ಕೇಳಿ. ತಂಗಿ ಮನೆ ಹಿಂದೆ ಒಂದು ಕೋಣೆ ಇದೆಯಂತೆ. ನನಗೂ ಸ್ಕೂಲು ಮುಗೀತು. ಈ ಊರಲ್ಲಿ ನನ್ನ ಹಿಡಿದಿಟ್ಟಿರೋದು ನಿಮ್ಮ ಸೇಡೊಂದೇ.”

ಮಾವ ಬಜ್ಜಿಯ ತಟ್ಟೆಯನ್ನೇ ನೋಡುತ್ತಿದ್ದರು. “ಅದೊಂದೇನಾ?”

“ಇನ್ನೇನಿದೆ? ಇದ್ರೆ ನೀವೇ ಹೇಳಿ.”

ನಾನು ಒಳಗೆ ಹೊಸ್ತಿಲ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದೆ. ಮಾವ ಏನಾದರೂ ಹೇಳಿಯಾರು ಅಂತ ನಾನೂ ಕಾದೆ. ಬೀದಿಯಲ್ಲಿ ಒಂದು ಸೈಕಲ್ ಬೆಲ್ ಬಾರಿಸಿಕೊಂಡು ಹೋಯಿತು. ಎದುರುಮನೆಯ ಜಗಲಿಯಲ್ಲಿ ಅವರ ಸೇಡಿನವರು ಏನೋ ಹೇಳಿ ನಗುತ್ತಿದ್ದರು.

“ಬಜ್ಜಿ ಆರ್ತಾ ಇದೆ, ತಗೊಳ್ಳಿ” ಅಂದರು ಮಾವ.

ಟೀಚರ್ ಒಂದು ಬಜ್ಜಿ ತೆಗೆದುಕೊಂಡರು, ತಿನ್ನಲಿಲ್ಲ. “ಉತ್ತರ ಹೇಳಿಲ್ಲ ನೀವು.”

“ಹಾಗಾದ್ರೆ...” ಮಾವ ತಟ್ಟೆಯನ್ನು ಅವರ ಕಡೆ ಇನ್ನಷ್ಟು ಸರಿಸಿದರು. “ತೀರಿಸ್ಕೋತೀನಿ.”

“ಸರಿ” ಅಂದರು ಟೀಚರ್. ಕಾಫಿಯನ್ನು ಕೊನೆಯ ಗುಟುಕಿನವರೆಗೆ ಕುಡಿದರು. ಎದ್ದು ಹೋಗಿ ಲೋಟವನ್ನು ತೊಟ್ಟಿಯ ಹತ್ತಿರ ತಾವೇ ತೊಳೆದು ಬೋರಲು ಹಾಕಿದರು. ಯಾವತ್ತೂ ಹಾಗೆ ಮಾಡಿದವರಲ್ಲ.

ವೀರಭದ್ರಯ್ಯನ ಸೇಡು ತೀರುವ ಸುದ್ದಿ ಊರನ್ನು ಅಲ್ಲಾಡಿಸಿಬಿಟ್ಟಿತು. ನಕ್ಕದ್ದಕ್ಕೆ ನಗಬೇಕು, ಅದರಲ್ಲಿ ಅನುಮಾನವಿಲ್ಲ. ಅದೇ ಹಾಲ್, ಅದೇ ರಂಗ. ಭಾನುವಾರ ಟೀಚರ್ ಹಾಡುತ್ತಾರೆ. ಮಾವ ಎದ್ದುನಿಂತು ನಗಬೇಕು, ಅವರನ್ನು ನೋಡಿ ಊರು ನಗಬೇಕು. ಆದರೆ ಯಾವ ನಗು ಅನ್ನುವುದರಲ್ಲಿ ಒಮ್ಮತವಿರಲಿಲ್ಲ. ಹೋಟೆಲಿನಲ್ಲಿ ಅದೇ ಚರ್ಚೆ.

“ಹೊಟ್ಟೆಯಿಂದ ತೆಗೀಬೇಕು ಭದ್ರಣ್ಣ” ಅಂದ ತಿಪ್ಪಣ್ಣ. “ರಾಕ್ಷಸನ ಪಾರ್ಟಲ್ಲಿ ನಗ್ತಾರಲ್ಲ, ಹಾಗೆ. ಎಲ್ಲಿ, ಒಂದ್ಸಲ ನಗು.”

“ಹ ಹ ಹ” ಅಂದರು ಮಾವ.

“ಇದೇನು, ಎತ್ತು ಹೊಡ್ಕೊಂಡು ಹೋಗೋ ಹಾಗಿದೆ. ಅವಳು ಏನು ಮಾಡಿದ್ಳು ಅಂತ ನೆನಪು ಮಾಡ್ಕೋ. ಉರೀಬೇಕು ಒಳಗೆ.”

“ನೆನಪು ಮಾಡ್ಕೊಂಡೇ ನಕ್ಕಿದ್ದು.”

“ನಿನ್ನ ಬದುಕನ್ನೇ ಹಾಳು ಮಾಡಿದ್ಳಲ್ಲಯ್ಯ! ಆ ಮೀಸೆ ಇವತ್ತಿಗೂ ನನ್ನ ಹತ್ರ ಇದೆ, ತಂದ್ಕೊಡ್ಲಾ? ನೋಡಿದ್ರೆ ರೋಷ ಬರುತ್ತೆ.”

ಮಾವ ಬೇಡವೆಂದರು. ವಾರವಿಡೀ ಹೊಲಿಗೆ ಯಂತ್ರದ ಸದ್ದಿನ ಮರೆಯಲ್ಲಿ ನಕ್ಕು ನೋಡಿಕೊಳ್ಳುತ್ತಿದ್ದರು. ಗಿರಾಕಿಗಳು ಬಂದು, ಅಳತೆ ಕೊಡದೆ, ಹಾಗೇ ಹಿಂದಕ್ಕೆ ಹೋದದ್ದುಂಟು. ಒಂದು ಸಲ ನನ್ನ ಕಡೆ ತಿರುಗಿ, “ಲೋ, ನಗೋಕೆ ಇಷ್ಟು ಕಷ್ಟ ಆಗುತ್ತಾ ಜನಕ್ಕೆ?” ಅಂತ ಕೇಳಿದರು.

ಭಾನುವಾರ ಹಾಲ್ ತುಂಬಿ ಕಿಟಕಿಗಳಲ್ಲೂ ಜನ. ಹಾರ ಹಾಕಿದರು, ಶಾಲು ಹೊದಿಸಿದರು, ಮಾತಾಡಿದರು. ಯಾರೂ ಕೇಳಲಿಲ್ಲ. ಟೀಚರ್ ಹಾಡುವುದಕ್ಕೆ ಎದ್ದಾಗ ಊರಿಗೆ ಊರೇ ರಂಗಕ್ಕೆ ಬೆನ್ನು ಹಾಕಿ, ಮೂರನೆಯ ಸಾಲಿನಲ್ಲಿ ಹೊಸ ಷರಟು ಹಾಕಿಕೊಂಡು ಕೂತಿದ್ದ ಮಾವನನ್ನು ನೋಡತೊಡಗಿತು. ಹಾಡು ಶಾಲೆಯ ಮಕ್ಕಳಿಗೆ ಅವರೇ ಕಲಿಸುತ್ತಿದ್ದ ಬೀಳ್ಕೊಡುವ ಹಾಡು. ಅದರಲ್ಲೊಂದು ಕಡೆ ಸ್ವರ ಮೇಲಕ್ಕೆ ಹತ್ತಿ ಅಲ್ಲೇ ನಿಲ್ಲುತ್ತದೆ. ಎಲ್ಲರಿಗೂ ಗೊತ್ತಿತ್ತು, ಅಲ್ಲೇ ನಗಬೇಕು. ಟೀಚರ್‌ಗೂ ಗೊತ್ತಿತ್ತು.

ಸ್ವರ ಹತ್ತಿತು. ವಯಸ್ಸಾದ ಗಂಟಲು ಸ್ವಲ್ಪ ನಡುಗಿತು, ಆದರೂ ನಿಂತಿತು. ಅವರು ಮಾವನನ್ನೇ ನೋಡು‌ತ್ತ ಹಾಡುತ್ತಿದ್ದರು. “ಏಳು, ಏಳು” ಅಂತ ಹಿಂದಿನಿಂದ ತಿಪ್ಪಣ್ಣ ತಿವಿದ. ಮಾವ ಎದ್ದರು. ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡು, ಹಳೆಯ ರಾಜನ ಹಾಗೆ ಎದೆ ಉಬ್ಬಿಸಿ, ಬಾಯಿ ತೆರೆದರು.

“ಹಿ” ಅಂದರು.

ಅಷ್ಟೇ. ಆಮೇಲೆ ಏನೂ ಬರಲಿಲ್ಲ. ಬಿಕ್ಕಳಿಕೆಯಷ್ಟು ಸಣ್ಣ ಸದ್ದು. ಊರು ನಗಲಿಲ್ಲ, ಇದು ಶುರುವೋ ಮುಕ್ತಾಯವೋ ಯಾರಿಗೂ ತಿಳಿಯಲಿಲ್ಲ. ಮಾವನ ಕಣ್ಣು ತುಂಬಿಕೊಂಡಿತ್ತು. ಅವರು ಹಾಗೇ ನಿಂತಿದ್ದರು, ಕೂರುವುದೂ ಮರೆತುಹೋದವರ ಹಾಗೆ. ಟೀಚರ್ ಹಾಡು ನಿಲ್ಲಿಸಿದರು. ಮೈಕನ್ನು ಹತ್ತಿರ ಎಳೆದುಕೊಂಡರು.

“ಹೆಚ್ಚಾಯ್ತು” ಅಂದರು.

ಹಾಲ್ ಜೇನುಗೂಡಾಯಿತು. ತಿಪ್ಪಣ್ಣ ಬೆಂಚಿನ ಮೇಲೆ ಹತ್ತಿ ನಿಂತ. “ಟೀಚರ್, ಅವತ್ತು ಇಡೀ ಹಾಲ್ ನಗಿಸಿದೋರು ನೀವು. ಇವನು ಕಷ್ಟಪಟ್ಟು ಒಂದು ‘ಹಿ’ ಅಂದ. ಅದು ಹೆಚ್ಚಾ?”

“ಅನುಭವಿಸಿದೋಳು ನಾನು ತಿಪ್ಪಣ್ಣ. ಹೆಚ್ಚಾಯ್ತು ಅಂದ್ರೆ ಹೆಚ್ಚಾಯ್ತು.”

“ನಾಲಿಗೆ ಮೇಲೆ ಏಳುತ್ತೆ, ನೋಡಿ.”

“ಏಳಲಿ. ಮಂಗಳವಾರ ನಮ್ಮನೆಗೆ ಬರೋಕೆ ಹೇಳಿ ಅವರಿಗೆ. ಸೇಡಿಟ್ಕೊಂಡು ಊರು ಬಿಟ್ಟು ಹೋಗೋಕಾಗುತ್ತಾ? ನಾನೆಲ್ಲೂ ಹೋಗಲ್ಲ.” ಅಷ್ಟು ಹೇಳಿ, ಹಾಡನ್ನು ಬಿಟ್ಟ ಕಡೆಯಿಂದಲೇ ಹಿಡಿದು, ಪೂರ್ತಿ ಹಾಡಿ ಮುಗಿಸಿದರು.

‘ಹೆಚ್ಚಾಯ್ತು’ ಅಂದವರಿಗೆ ಮರುದಿನ ಬೆಳಿಗ್ಗೆ ಹೋಟೆಲಿನಿಂದ ಇಡ್ಲಿ ಚಟ್ನಿ ಹೋಗುತ್ತದೆ. ಅವರು ಅದನ್ನು ಜಗಲಿಯಲ್ಲಿ, ನಾಲ್ಕು ಜನರ ಎದುರಿಗೆ ತಿನ್ನಬೇಕು. ಸೋಮವಾರ ತಿಪ್ಪಣ್ಣ ಸೂಜಿಮೆಣಸಿನಕಾಯಿ ಅರೆಸಿ, ತಾನೇ ಹೊತ್ತುಕೊಂಡು ಹೋದ. ಊರಿನ ಅರ್ಧ ಜನಕ್ಕೆ ಆ ಬೀದಿಯಲ್ಲಿ ಏನೋ ಕೆಲಸವಿತ್ತು. ನಾನೂ ಹೋಗಿದ್ದೆ. ಟೀಚರ್ ಇಡ್ಲಿಯನ್ನು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ಮೊದಲ ತುತ್ತಿಗೆ ಅವರ ಮುಖದಲ್ಲಿ ಸ್ವಲ್ಪ ಆಶ್ಚರ್ಯ ಕಂಡ ಹಾಗಾಯಿತು, ಅಷ್ಟೇ. ಎರಡನೆಯ ತುತ್ತು ತಿಂದರು. ಬಟ್ಟಲು ಬಳಿದು, “ಇನ್ನೊಂದು ಸೌಟು ಹಾಕು” ಅಂದರು. ತಿಪ್ಪಣ್ಣ ಬಗ್ಗಿ ಮುಖ ನೋಡಿದ. ಶಾಲೆಯಲ್ಲಿ ಮಕ್ಕಳನ್ನು ಗದರುವ ಹಾಗೆ, “ಏನು? ನೋಡಬೇಕಾ? ನೋಡು” ಅಂದು ನಾಲಿಗೆ ಚಾಚಿ ತೋರಿಸಿದರು.

ಗುಳ್ಳೆಯಿರಲಿಲ್ಲ. ಮಗುವಿನ ನಾಲಿಗೆಯ ಹಾಗೆ ನುಣ್ಣಗಿತ್ತು.

ತಿಪ್ಪಣ್ಣ ಅಂಗಡಿಗೆ ಓಡಿಬಂದು ಹೇಳಿದಾಗ ಮಾವ ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡರು. “ಏನೂ ಏಳಲಿಲ್ವಾ?” ಅಂದರು. “ಸರಿಯಾಗಿ ನೋಡಿದ್ಯಾ?”

“ನೋಡ್ದೆ ಕಣಯ್ಯ. ಅವಳ ಮಾತು ನಿಜ. ನಿನ್ನ ‘ಹಿ’ ಹೆಚ್ಚಾಗಿತ್ತು! ನಂಗಂತೂ ತಲೆ ಕೆಟ್ಟೋಯ್ತು. ಒಳ್ಳೆ ಕ್ರೂರಿ ಕಣಪ್ಪ ನೀನು, ಒಂದೇ ಅಕ್ಷರದಲ್ಲಿ ಅಷ್ಟು ವಿಷ ಇಟ್ಟಿದ್ದೆ.”

ಮಾವ ಹೊಲಿಗೆ ಪಕ್ಕಕ್ಕಿಟ್ಟರು. ಬೆರಳನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಅವರ ಮುಖದಲ್ಲಿ ಸಿಕ್ಕಿಬಿದ್ದವನ ಭಯವಿತ್ತು. ಅದು ಯಾಕೆಂದು ಆಗ ನನಗೆ ಅರ್ಥವಾಗಲಿಲ್ಲ.

ಮಂಗಳವಾರ ಬಂತು. ಮಾವ ಕ್ಷೌರ ಮಾಡಿಸಿಕೊಂಡರು, ಎರಡು ಷರಟು ಹಾಕಿ ಬಿಚ್ಚಿದರು, ಮೂರನೆಯದರಲ್ಲಿ ಹೊರಟರು. ಮೊದಲ ಸಲ ಹೋಗುವಾಗ ಜೊತೆಗೊಬ್ಬರು ಇರಬೇಕು ಅಂತ ನನ್ನನ್ನೂ ಕರೆದುಕೊಂಡರು. ಇಷ್ಟು ವರ್ಷ ಆ ಮನೆಯ ಒಡತಿ ನಮ್ಮ ಜಗಲಿಗೆ ಬಂದಿದ್ದರೇ ಹೊರತು ಆ ಮನೆಯ ಜಗಲಿ ಹೇಗಿದೆಯೆಂದು ಮಾವ ನೋಡಿರಲಿಲ್ಲ. ತುದಿಯಲ್ಲಿ ಕೂತರು.

“ಸೇಡಿದೆಯಲ್ಲ ಟೀಚರ್, ತೀರಿಸ್ಕೊಳ್ತೀರಾ?”

“ಇರಲಿ” ಅಂದರು ಟೀಚರ್, ಸ್ವಲ್ಪವೂ ತಡಮಾಡದೆ. “ಆ ತುದೀಲಿ ಯಾಕೆ ಕೂತಿದೀರಿ, ಬೀಳ್ತೀರ. ಈ ಕಡೆ ಬನ್ನಿ.”

ಒಳಗಿನಿಂದ ಖಾರದ ಮಂಡಕ್ಕಿ ಬಂತು. ಟೀಚರ್ ಎದುರಿಗೆ ಕೂತು, ತಮ್ಮ ತಟ್ಟೆಯಿಂದ ಕಡಲೆಬೀಜ ಆರಿಸಿ ತಿನ್ನುತ್ತ, ಯಾವುದೋ ಸಣ್ಣ ಮಾತು ತೆಗೆದ ಹಾಗೆ ಶುರುಮಾಡಿದರು.

“ಒಂದು ಕೇಳ್ತೀನಿ, ಹೇಳಿ. ನಾನು ಅವತ್ತು ‘ಹೆಚ್ಚಾಯ್ತು’ ಅಂದಿದ್ದು ಸುಳ್ಳು. ಸುಳ್ಳು ಅಂತ ಗೊತ್ತಿದ್ದೇ ಹೇಳಿದ್ದು. ತಂಗಿ ಮನೆಗೆ ಹೋಗೋಕೆ ಮನಸ್ಸು ಇರಲಿಲ್ಲ. ನೀವು ಬೇಡ ಅಂತೀರೇನೋ ಅಂತ ನೋಡ್ದೆ, ನೀವು ಬಜ್ಜಿ ತಿನ್ನಿ ಅಂದ್ರಿ. ಇನ್ನೇನು ಮಾಡ್ಲಿ? ಗುಳ್ಳೆಗೆ ಅಂತ ಬೆಣ್ಣೆ, ಜೇನುತುಪ್ಪ ಎರಡೂ ತಂದಿಟ್ಟೇ ಹಾಲ್‌ಗೆ ಬಂದಿದ್ದೆ. ಬೆಳಿಗ್ಗೆ ಎದ್ದು ಕನ್ನಡೀಲಿ ನೋಡ್ಕೋತೀನಿ, ಏನೂ ಇಲ್ಲ! ತಿಪ್ಪಣ್ಣನ ಚಟ್ನಿ ಬಾಯಿಗಿಟ್ಟಾಗ ನನಗೇ ದಿಗಿಲು. ನೀವಂದ ಆ ಒಂದು ‘ಹಿ’ ಹೆಚ್ಚು ಅನ್ನೋದು ನಿಜ ಆಗಬೇಕಾದ್ರೆ, ನಾಟಕದ ದಿನ ನಾನು ಮಾಡಿದ್ದು ಅದಕ್ಕಿಂತ ಕಡಿಮೆ ಇರಬೇಕಲ್ಲ? ಅದಕ್ಕಿಂತ ಕಡಿಮೆ ಅಂದ್ರೆ ಏನೂ ಇಲ್ಲ ಅಂತ ತಾನೇ? ಹೇಗೆ ಭದ್ರಯ್ಯನೋರೇ?”

ಮಾವನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ನಾನು ಮಾವನನ್ನು ನೋಡಿದೆ. ಟೀಚರ್ ಅವಸರ ಮಾಡಲಿಲ್ಲ. ಉತ್ತರ ಬಾರದ ಹುಡುಗನ ಎದುರು ಬೆತ್ತ ಹಿಡಿಯದೆ ಕಾಯುವ ಟೀಚರ್ ಹೀಗೇ ಕಾಯುತ್ತಾರೆ.

“ಮಂಡಕ್ಕಿಗೆ ನಿಂಬೆಹುಳಿ ಹದವಾಗಿ ಬಿದ್ದಿದೆ” ಅಂದರು ಮಾವ.

ಟೀಚರ್ ನಕ್ಕರು. ಬೀದಿಯ ಕೊನೆಯವರೆಗೂ ಕೇಳುವ ನಗು. ಹಿಂದೆ ಆ ಹಾಲ್‌ನಲ್ಲಿ ಎದ್ದ ನಗು ಹೀಗೇ ಇದ್ದಿರಬೇಕು. ಕಣ್ಣೊರೆಸಿಕೊಂಡು, “ನಿಂಬೆಹಣ್ಣು ಹಾಕೇ ಇಲ್ಲ” ಅಂದರು. “ತಿನ್ನಿ, ತಿನ್ನಿ. ಮುಂದಿನ ಮಂಗಳವಾರ ಹಾಕಿರ್ತೀನಿ.”

ವಾಪಸು ಬರುವಾಗ ಮಾವ ಬಾವಿಯ ಹತ್ತಿರ ನಿಂತು, ಯಾರೂ ಇಲ್ಲವೆಂದು ನೋಡಿಕೊಂಡು, ಯಾರಿಗೂ ಹೇಳದ್ದನ್ನು ನನಗೆ ಹೇಳಿದರು. ಹೇಳುವಾಗ ಅವರ ಹೆಗಲು ಕುಲುಕುತ್ತಿದ್ದವು. ಮರುದಿನ ಬುಧವಾರ. ಬೆಳಿಗ್ಗೆ ಮಾವ ತಿಪ್ಪಣ್ಣನ ಹೋಟೆಲಿಗೆ ಹೋಗಿ ಕೂತು, “ಚಟ್ನಿ ಜಾಸ್ತಿ ಹಾಕು” ಅಂದರು. ವ್ರತ ಏನಾಯಿತು ಅಂತ ತಿಪ್ಪಣ್ಣ ಕೇಳಿದ್ದಕ್ಕೆ, “ಮುಗೀತು” ಅಂದರು. ಇಷ್ಟು ವರ್ಷ ಬುಧವಾರಗಳಂದು ಅವರ ನಾಲಿಗೆ ಉರಿಯುತ್ತಿತ್ತೆಂದು ಗೊತ್ತಿದ್ದವನು ನಾನೊಬ್ಬನೇ.

ಆಮೇಲೆ ಮಾವ ಬದುಕಿರುವವರೆಗೂ ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ಮಳೆ ಬಂದರೆ ಕೊಡೆ ಹಿಡಿದು ಹೋದರು, ಜ್ವರ ಬಂದರೆ ಕಂಬಳಿ ಹೊದ್ದು ಹೋದರು. ಜಗಲಿಯ ತುದಿಯಿಂದ ನಡುವಿಗೆ ಬಂದರು, ಗೋಡೆಗೆ ಒರಗಿದರು, ಕಾಲು ಚಾಚಿದರು. ಟೀಚರ್ ಆ ಪ್ರಶ್ನೆಯನ್ನು ಆಗಾಗ ಬೇರೆ ಬೇರೆ ದಾರಿಯಲ್ಲಿ ಕೇಳುತ್ತಲೇ ಇದ್ದರು. ಮಾವ ಮಂಡಕ್ಕಿಯನ್ನೋ ನಿಪ್ಪಟ್ಟನ್ನೋ ಹೊಗಳುತ್ತಲೇ ಇದ್ದರು. ಮೀಸೆ ಕೈಗೆ ಬಂದ ಆ ಸಂಜೆ, ಸಭೆಗೆ ಬೆನ್ನು ತಿರುಗಿಸಿದಾಗ ತಾವು ಅಳುತ್ತಿರಲಿಲ್ಲ, ಅವಳಿಗಿಂತ ಹೆಚ್ಚಾಗಿ ನಗುತ್ತಿದ್ದೆವು ಅಂತ ಮಾವ ಅವಳಿಗೆ ಕೊನೆಯವರೆಗೂ ಹೇಳಲಿಲ್ಲ.